ಕಾರ್ಮಿಕನು ಸಂಘವನ್ನು ಸೇರುವುದೂ ಬಿಡುವುದೂ : ಪ್ರಚಲಿತ ವ್ಯಾಖ್ಯಾನಗಳ ಒಂದು ವಿಮರ್ಶೆ

೧

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯು ತನ್ನ ಹೆಸರಿನಲ್ಲಿಯೇ ಒಂದು ಉದ್ಯೋಗದ ನೆನಪನ್ನು ಹೊತ್ತುಕೊಂಡಿರುವ ಊರು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟನ್ನು ಕಟ್ಟಿದ ಮೇಲೆ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಯಲ್ಲಿ ಕಬ್ಬಿನ ಬೆಳೆ ಹಬ್ಬಿತು. ಆಲೆಮನೆಗಳ ನೆರೆಯಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಬಾಗೇವಾಡಿಯಲ್ಲಿಯೂ ಇಂದು ಅಂತಹ ದೊಡ್ಡ ಕಾರ್ಖಾನೆಯೊಂದಿದೆ. ಹಂಗಾಮಿನ ದಿನಗಳಲ್ಲಿ ಈ ಸೀಮೆಯ ದಾರಿಯ ಮೇಲೆ ನಿಂತು ನೋಡುವವರಿಗೆ ಒಂದೇ ಬೆಳೆಯನ್ನು ನಂಬಿದ ನಾಲ್ಕು ಬಗೆಯ ದುಡಿಮೆಗಾರರು ಕಾಣಸಿಗುತ್ತಾರೆ. ಮುಕಾದಮನಿಂದ ಮುಂಗಡ ಪಡೆದು, ಹೆಂಡಿರು ಮಕ್ಕಳೊಡನೆ ಟೋಳಿ ಕಟ್ಟಿಕೊಂಡು ಬಂದು ಕಬ್ಬು ಕಡಿಯುವವರು ಮೊದಲನೆಯವರು. ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವರು, ಕೊಪ್ಪರಿಗೆಯ ಬಳಿ ನಿಂತು ಪಾಕದ ಹದ ನೋಡುವವರು ಎರಡನೆಯವರು. ಕಾರ್ಖಾನೆಯೊಳಗೆ ಹಂಗಾಮಿನ ಮಟ್ಟಿಗೆ ಅಥವಾ ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಬಂದವರು ಮೂರನೆಯವರು. ಹಾಜರಿ ಪಟ್ಟಿಯಲ್ಲಿ ಕಾಯಂ ಆಗಿ ಹೆಸರು ಬರೆಯಿಸಿಕೊಂಡವರು ನಾಲ್ಕನೆಯವರು.

ಈ ನಾಲ್ವರಲ್ಲಿ ಕಾರ್ಮಿಕ ಸಂಘವೆಂಬುದು ನಿತ್ಯದ ವಸ್ತುವಾಗಿರುವುದು ಬಹುಮಟ್ಟಿಗೆ ನಾಲ್ಕನೆಯವನಿಗೆ ಮಾತ್ರ. ಆದರೆ ‘ಕಾರ್ಮಿಕನು ಸಂಘವನ್ನು ಏಕೆ ಸೇರುತ್ತಾನೆ, ಏಕೆ ಬಿಡುತ್ತಾನೆ’ ಎಂದು ವಿಚಾರಿಸುವ ಶಾಸ್ತ್ರಗ್ರಂಥಗಳೆಲ್ಲ ಆ ನಾಲ್ಕನೆಯವನಿಂದಲೇ ಆರಂಭಿಸಿ, ಅವನಲ್ಲಿಯೇ ಮುಗಿಯುತ್ತವೆ. ಎದುರಿಗೆ ತೆರೆದ ಬಾಗಿಲೊಂದಿದೆ, ಒಳಗೆ ಹೋಗುವುದೂ ಹೊರಗೆ ಬರುವುದೂ ಅವನ ಇಚ್ಛೆಗೆ ಬಿಟ್ಟದ್ದು ಎಂದು ಮೊದಲೇ ಭಾವಿಸಿಕೊಂಡು, ಆ ಇಚ್ಛೆಗೆ ಕಾರಣವನ್ನು ಹುಡುಕುವುದೇ ಅವುಗಳ ರೀತಿ. ಈ ಭಾವನೆಯನ್ನೇ ಪರೀಕ್ಷಿಸಬೇಕೆಂಬುದು ಪ್ರಸ್ತುತ ಲೇಖನದ ಉದ್ದೇಶ. ಪ್ರಚಾರದಲ್ಲಿರುವ ಮೂರು ವ್ಯಾಖ್ಯಾನಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವು ನಮ್ಮ ಗಡಿಸೀಮೆಯ ಅನುಭವದ ಎದುರು ಎಷ್ಟರಮಟ್ಟಿಗೆ ನಿಲ್ಲುತ್ತವೆಂಬುದನ್ನು ನೋಡಿ, ಬಳಿಕ ನಮ್ಮ ಅಭಿಪ್ರಾಯವನ್ನು ನಿವೇದಿಸುತ್ತೇವೆ.

೨

ಮೊದಲನೆಯದು ಲಾಭದ ವ್ಯಾಖ್ಯಾನ. ಸಿಡ್ನಿ ವೆಬ್ ಮತ್ತು ಬೀಟ್ರಿಸ್ ವೆಬ್ ದಂಪತಿಗಳು ೧೮೯೪ರಲ್ಲಿ ಪ್ರಕಟಿಸಿದ ಕಾರ್ಮಿಕ ಸಂಘಗಳ ಇತಿಹಾಸದಲ್ಲಿ, ದುಡಿಮೆಯ ಪರಿಸ್ಥಿತಿಯನ್ನು ಕಾಯ್ದುಕೊಳ್ಳಲು ಹಾಗೂ ಉತ್ತಮಪಡಿಸಿಕೊಳ್ಳಲು ಕೂಲಿಯವರು ಕಟ್ಟಿಕೊಂಡ ಸ್ಥಿರವಾದ ಕೂಟವೇ ಸಂಘವೆಂದು ನಿರೂಪಿಸಿದರು. ಪ್ರಯೋಜನವೇ ಸಂಘದ ಮೂಲವೆಂದಾದ ಮೇಲೆ, ಪ್ರಯೋಜನವನ್ನು ಕಂಡವನು ಸೇರುವನು, ಕಾಣದವನು ಬಿಡುವನು ಎಂಬ ನಿರ್ಣಯವು ಸಹಜವಾಗಿಯೇ ಬರುವುದು. ಈ ಸರಳವಾದ ನಿರ್ಣಯಕ್ಕೆ ಬಲವಾದ ಆಕ್ಷೇಪವನ್ನು ತಂದವನು ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್. ೧೯೬೫ರಲ್ಲಿ ಹೊರಬಂದ ಅವನ ಗ್ರಂಥದ ವಾದವನ್ನು ಹೀಗೆ ಸಂಗ್ರಹಿಸಬಹುದು: ಸಂಘವು ಗಳಿಸಿಕೊಡುವ ವೇತನದ ಏರಿಕೆ ಸದಸ್ಯನಿಗೂ ಬರುತ್ತದೆ, ಸದಸ್ಯನಲ್ಲದವನಿಗೂ ಬರುತ್ತದೆ, ಹಾಗಿರುವಾಗ ತನ್ನ ಹಿತವನ್ನು ಬಲ್ಲವನು ಚಂದಾ ತೆತ್ತು, ಧಣಿಯ ಕೋಪಕ್ಕೆ ಗುರಿಯಾಗಿ ಸೇರುವುದಾದರೂ ಏಕೆ? ಆದುದರಿಂದ ದೊಡ್ಡ ಸಂಘಗಳು ನಿರ್ಬಂಧದಿಂದಲೋ, ಸದಸ್ಯರಿಗೆ ಮಾತ್ರ ದೊರೆಯುವ ಪ್ರತ್ಯೇಕ ಸವಲತ್ತುಗಳಿಂದಲೋ ಬದುಕಬೇಕೇ ಹೊರತು ಕೇವಲ ಸಮಾನ ಹಿತದಿಂದ ಬದುಕಲಾರವು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬುದು ನಮ್ಮ ಗಾದೆ. ಉಳಿದ ಒಂಬತ್ತು ಜನ ತಂದೇ ತರುವರಾದ್ದರಿಂದ ತನ್ನ ಕಡ್ಡಿಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಜಾಣತನವೆಂದು ಹತ್ತು ಮಂದಿಯೂ ಎಣಿಸುವರೆಂಬುದು ಓಲ್ಸನನ ಉತ್ತರ.

ಈ ವಾದದಲ್ಲಿ ಒಪ್ಪತಕ್ಕ ಅಂಶವಿದೆ. ಸಕ್ಕರೆ ಉದ್ಯಮಕ್ಕೆ ೧೯೫೭ರಲ್ಲಿ ಕೇಂದ್ರ ಸರ್ಕಾರವು ವೇತನ ಮಂಡಳಿಯನ್ನು ನೇಮಿಸಿತು. ಅಂತಹ ಮಂಡಳಿ ಗೊತ್ತುಮಾಡಿದ ವೇತನವೂ, ಹಂಗಾಮು ಮುಗಿದ ತಿಂಗಳುಗಳಿಗೆ ಹಂಗಾಮಿ ಕಾರ್ಮಿಕನಿಗೆ ಕೊಡತಕ್ಕ ಭತ್ಯವೂ ಸಂಘದ ಚೀಟಿಯನ್ನು ಕೇಳಿ ಬರತಕ್ಕವಲ್ಲ. ಒಂದೇ ಯಂತ್ರದ ಎರಡು ಬದಿಗೆ ನಿಂತ ಇಬ್ಬರಲ್ಲಿ ಒಬ್ಬನು ಸದಸ್ಯನಾಗಿದ್ದು ಇನ್ನೊಬ್ಬನು ಆಗದೆ ಇರುವುದಕ್ಕೆ ಓಲ್ಸನನ ತರ್ಕವು ಒಂದು ಸಮಾಧಾನವನ್ನು ಕೊಡುತ್ತದೆ. ಆದರೆ ಆ ತರ್ಕವು ತಕ್ಕಡಿಯ ಒಂದು ತಟ್ಟೆಯಲ್ಲಿ ಚಂದಾವನ್ನು ಇರಿಸಿದಾಗ ನಮ್ಮ ದೇಶದ ಲೆಕ್ಕವೇ ಬೇರೆಯಾಗುತ್ತದೆ. ೧೯೨೬ರ ಕಾರ್ಮಿಕ ಸಂಘಗಳ ಅಧಿನಿಯಮಕ್ಕೆ ೧೯೬೦ರಲ್ಲಿ ಮಾಡಿದ ತಿದ್ದುಪಡಿಯ ಮೇರೆಗೆ ಸದಸ್ಯನು ಕೊಡಬೇಕಾದ ಕನಿಷ್ಠ ಚಂದಾ ತಿಂಗಳಿಗೆ ೨೫ ಪೈಸೆ. ೨೦೦೧ರ ತಿದ್ದುಪಡಿಯು ಅದನ್ನು ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ ೧ ರೂಪಾಯಿ, ಅಸಂಘಟಿತ ವಲಯದ ಇತರರಿಗೆ ೩ ರೂಪಾಯಿ, ಉಳಿದವರಿಗೆ ೧೨ ರೂಪಾಯಿ ಎಂದು ಗೊತ್ತುಮಾಡಿತು. ವರ್ಷಕ್ಕೆ ಒಂದು ರೂಪಾಯಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಯಾರೂ ಸಂಘವನ್ನು ಬಿಡುವುದಿಲ್ಲ. ಒಂದು ರೂಪಾಯಿಗೆ ಸಿಗುತ್ತದೆಂದು ಸೇರುವುದೂ ಇಲ್ಲ. ನಮ್ಮಲ್ಲಿ ಸದಸ್ಯತ್ವದ ನಿಜವಾದ ಬೆಲೆಯು ಚಂದಾದಲ್ಲಿಲ್ಲ, ಬೇರೆ ಕಡೆಯಲ್ಲಿದೆ. ಕೆಲಸ ಕೊಡಿಸಿದವನ ಮುಖವನ್ನು ಮುರಿದುಕೊಳ್ಳಬೇಕಾಗುವುದು, ಮುಂದಿನ ಹಂಗಾಮಿಗೆ ಕರೆ ಬಾರದೆ ಹೋಗುವುದು, ಗಿರಣಿಯೂರಿನಲ್ಲಿ ಇರುವ ಮನೆಯೂ ಕಂಪನಿಯದೇ ಆಗಿದ್ದರೆ ಆ ಮನೆಯ ಚಿಂತೆ ಹತ್ತುವುದು—ಇವೇ ಆ ಬೆಲೆ. ಗೋಕಾಕದ ಜಲಪಾತದ ಬದಿಯಲ್ಲಿ ೧೮೮೭ರಲ್ಲಿ ನೂಲಿನ ಗಿರಣಿಯು ಆರಂಭವಾದ ಕಾಲದಿಂದ ಈ ಸೀಮೆಯ ಜನರಿಗೆ ಗಿರಣಿಯ ಸುತ್ತ ಬೆಳೆದ ಊರಿನ ಪರಿಚಯವಿದೆ. ಕೆಲಸವೂ ವಸತಿಯೂ ಒಂದೇ ಕೈಯಿಂದ ಬರುವಲ್ಲಿ ಸಂಘದ ಚೀಟಿಗೆ ೨೫ ಪೈಸೆಯ ಬೆಲೆಯನ್ನು ಕಟ್ಟುವುದು ಲೆಕ್ಕದ ತಪ್ಪು.

ಈ ವ್ಯಾಖ್ಯಾನಕ್ಕೆ ಇನ್ನೂ ಕಠಿಣವಾದ ಪರೀಕ್ಷೆ ನಿಪ್ಪಾಣಿಯಲ್ಲಿದೆ. ಆಗ ಚಿಕ್ಕೋಡಿ ತಾಲೂಕಿಗೆ ಸೇರಿದ್ದ ಆ ಪೇಟೆಯ ತಂಬಾಕಿನ ವಖಾರಗಳಲ್ಲಿ ದುಡಿಯುತ್ತಿದ್ದವರು ಮುಖ್ಯವಾಗಿ ಹೆಂಗಸರು. ತಂಬಾಕನ್ನು ಬಡಿದು, ಜರಡಿ ಹಿಡಿದು, ಅದರ ಧೂಳಿನಲ್ಲಿಯೇ ದಿನವಿಡೀ ಉಸಿರಾಡುವ ಕೆಲಸ, ಕೂಲಿ ಅತ್ಯಲ್ಪ, ‘ನಾಳೆ ಬರಬೇಡ’ ಎಂಬ ಒಂದು ಮಾತಿಗೆ ಕೆಲಸ ಹೋಗುವ ಸ್ಥಿತಿ. ಲಾಭ ನಷ್ಟಗಳ ತಕ್ಕಡಿಯನ್ನು ಹಿಡಿದು ನೋಡಿದರೆ ಸಂಘವನ್ನು ಸೇರಲೇ ಬಾರದವರು ಇವರು. ಕಳೆದುಕೊಳ್ಳುವುದು ನಿಶ್ಚಿತ, ಪಡೆಯುವುದು ಅನಿಶ್ಚಿತ. ಓದು ಬರಹವಿಲ್ಲ, ಜಾತಿ ಬೇರೆ ಬೇರೆ, ಮನೆಗೆ ಹೋದರೆ ಎರಡನೆಯ ದುಡಿಮೆ ಕಾದಿರುತ್ತದೆ. ಆದರೂ ೧೯೮೦ರ ಸುಮಾರಿಗೆ ಅವರೇ ಸಾವಿರಗಟ್ಟಲೆಯಾಗಿ ಸಂಘಟಿತರಾದರು. ಯುಗಾಂತರ ಎಂಬ ಚಿತ್ರಕಾರಿಣಿಯರ ಬಳಗವು ಆ ಹೆಂಗಸರೊಡನೆ ಬೆರೆತು ೧೯೮೨ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರವನ್ನು ತೆಗೆಯಿತು. ಛಾಯಾ ದಾತಾರ್ ಅವರು ಅದೇ ಹೋರಾಟವನ್ನು ಅಧ್ಯಯನ ಮಾಡಿ ೧೯೮೯ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಲಾಭದ ವ್ಯಾಖ್ಯಾನವು ಯಾರು ಸೇರಲಾರರೆಂದು ಹೇಳುತ್ತದೆಯೋ ಅವರೇ ಸೇರಿದರೆಂಬುದು ಆ ವ್ಯಾಖ್ಯಾನಕ್ಕೆ ಸಣ್ಣ ಅಪವಾದವೆಂದು ನಾವು ಭಾವಿಸುವುದಿಲ್ಲ.

೩

ಎರಡನೆಯದು ಹಳ್ಳಿಯ ವ್ಯಾಖ್ಯಾನ. ಜೆ. ಎಚ್. ವಿಟ್ಲಿಯವರ ಅಧ್ಯಕ್ಷತೆಯಲ್ಲಿ ೧೯೨೯ರಲ್ಲಿ ನೇಮಕವಾಗಿ ೧೯೩೧ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕಮಿಷನ್ನು, ಭಾರತದ ಗಿರಣಿ ಕಾರ್ಮಿಕನು ಮನಸ್ಸಿನಲ್ಲಿ ಹಳ್ಳಿಗನಾಗಿಯೇ ಉಳಿದಿರುವನೆಂದೂ, ಪಟ್ಟಣವು ಅವನನ್ನು ಸೆಳೆದು ತಂದದ್ದಲ್ಲ, ಹಳ್ಳಿಯ ಕಷ್ಟವು ಅವನನ್ನು ಹೊರಕ್ಕೆ ದೂಡಿದ್ದೆಂದೂ ಹೇಳಿತು. ಈ ಮಾತನ್ನು ಆಧಾರವಾಗಿಟ್ಟುಕೊಂಡು ಮುಂದಿನವರು ಒಂದು ಸಿದ್ಧಾಂತವನ್ನೇ ಕಟ್ಟಿದರು. ಅರ್ಧ ರೈತನಾದವನು ಪೂರ್ಣ ಕಾರ್ಮಿಕನಾಗಲಾರ. ಸುಗ್ಗಿ ಬಂದರೆ ಊರಿಗೆ ಓಡುವವನಿಗೆ ಸಂಘದ ನಂಟು ನಿಲ್ಲುವುದಿಲ್ಲ. ಆದುದರಿಂದ ಸದಸ್ಯತ್ವವು ಏರಿಳಿಯುವುದಕ್ಕೆ ಕಾರ್ಮಿಕನ ಹಿಂದಿರುವ ಹೊಲವೇ ಕಾರಣವೆಂಬುದು ಅದರ ಸಾರ.

ಬೆಲ್ಲದ ಬಾಗೇವಾಡಿಯ ಸುತ್ತಿನ ಸಕ್ಕರೆಯ ಸೀಮೆಯನ್ನು ನೋಡಿದವರಿಗೆ ಈ ಸಿದ್ಧಾಂತವು ಕೂಡಲೆ ಹಿಡಿಸುವಂತಹದು. ಇಲ್ಲಿ ಕಾರ್ಖಾನೆಯ ಕಾರ್ಮಿಕನು ಅನೇಕ ವೇಳೆ ಕಬ್ಬು ಬೆಳೆಗಾರನ ಮಗ. ಸಹಕಾರಿ ಕಾರ್ಖಾನೆಯಾದರೆ ಅವನ ತಂದೆಯೋ ದೊಡ್ಡಪ್ಪನೋ ಅದರ ಷೇರುದಾರನಾಗಿರುವುದೂ ಉಂಟು. ಕಬ್ಬಿನ ದರ ಏರಿದರೆ ಮನೆಗೆ ಒಳಿತು, ಕಾರ್ಖಾನೆಯ ಖರ್ಚಿಗೆ ಹೊರೆ. ಪಗಾರ ಏರಿದರೆ ತನಗೆ ಒಳಿತು, ಬೆಳೆಗಾರನ ಬಿಲ್ಲಿಗೆ ತೊಡಕೆಂದು ಆಡಳಿತದವರು ಹೇಳುವರು. ೨೦೨೫ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ ೩೫೦೦ ರೂಪಾಯಿ ದರವನ್ನು ಬೇಡಿ ಹೆದ್ದಾರಿಯ ಬದಿಗೆ ಹಗಲಿರುಳು ಕುಳಿತರು. ಕೊನೆಗೆ ಸರ್ಕಾರವು ೩೩೦೦ ರೂಪಾಯಿಯನ್ನು ಘೋಷಿಸಿತು. ಅಂತಹ ದಿನಗಳಲ್ಲಿ ಒಂದೇ ಮನೆಯ ಹಿರಿಯನು ಧರಣಿಯಲ್ಲಿಯೂ ಕಿರಿಯನು ಕಾರ್ಖಾನೆಯ ಪಾಳಿಯಲ್ಲಿಯೂ ಇರುವುದು ಈ ಸೀಮೆಯಲ್ಲಿ ಆಶ್ಚರ್ಯದ ಸಂಗತಿಯಲ್ಲ. ಇಂತಹವನು ಸಂಘಕ್ಕೆ ಇಡಿಯಾಗಿ ಒಲಿಯಲಾರನೆಂದು ಹಳ್ಳಿಯ ವ್ಯಾಖ್ಯಾನವು ತೀರ್ಮಾನಿಸುತ್ತದೆ.

ಆದರೆ ಇದೇ ಹೊಲವು ಇನ್ನೊಂದು ಕೆಲಸವನ್ನೂ ಮಾಡುತ್ತದೆಂಬುದನ್ನು ಮರೆಯತಕ್ಕದ್ದಲ್ಲ. ಮುಂಬಯಿಯ ಗಿರಣಿಗಳ ಇತಿಹಾಸವನ್ನು ಬರೆದ ರಾಜನಾರಾಯಣ ಚಂದಾವರ್ಕರ್ ಅವರು ೧೯೯೪ರ ತಮ್ಮ ಗ್ರಂಥದಲ್ಲಿ, ಹಳ್ಳಿಯ ನಂಟು ಕಾರ್ಮಿಕನನ್ನು ದುರ್ಬಲಗೊಳಿಸಿತೆಂಬ ಎಣಿಕೆಯನ್ನು ಪ್ರಶ್ನಿಸಿ, ದೀರ್ಘವಾದ ಮುಷ್ಕರಗಳಲ್ಲಿ ಅವನಿಗೆ ನಿಲ್ಲಲು ನೆಲ ಕೊಟ್ಟದ್ದು ಆ ನಂಟೇ ಎಂದು ತೋರಿಸಿದರು. ೧೯೮೨ರ ಮುಂಬಯಿಯ ಮುಷ್ಕರದಲ್ಲಿಯೂ ಸಾವಿರಾರು ಜನ ಊರಿಗೆ ತೆರಳಿ, ಹೊಲದ ಕಾಳನ್ನು ನಂಬಿ ತಿಂಗಳುಗಟ್ಟಲೆ ಸೈರಿಸಿದರು. ಹೊಲವಿದ್ದವನು ‘ಈ ಗೊಡವೆ ನನಗೇಕೆ’ ಎಂದು ಸಂಘವನ್ನು ಬಿಡಬಲ್ಲ. ಅದೇ ಹೊಲವನ್ನು ನೆಚ್ಚಿ, ಪಗಾರವಿಲ್ಲದೆ ಸಂಪಿನಲ್ಲಿ ನಿಲ್ಲಲೂ ಬಲ್ಲ. ಒಂದೇ ಕಾರಣದಿಂದ ಎರಡು ವಿರುದ್ಧ ಕಾರ್ಯಗಳು ಹುಟ್ಟುವುದಾದರೆ, ನಿರ್ಣಾಯಕವಾದದ್ದು ಆ ಕಾರಣವಲ್ಲ, ಬೇರೊಂದು ಎನ್ನಬೇಕಾಗುತ್ತದೆ. ಹೊಲವು ಕಾರ್ಮಿಕನಿಗೆ ಅವಕಾಶವನ್ನು ಕೊಡುತ್ತದೆ. ಆ ಅವಕಾಶವನ್ನು ಅವನು ಯಾವ ಕಡೆಗೆ ಬಳಸುವನೆಂಬುದನ್ನು ಹೊಲವು ಹೇಳುವುದಿಲ್ಲ.

ಕಬ್ಬು ಕಡಿಯುವ ಟೋಳಿಯವರ ವಿಷಯದಲ್ಲಂತೂ ಈ ವ್ಯಾಖ್ಯಾನಕ್ಕೆ ಮಾತೇ ಇಲ್ಲ. ಅವರಿಗೆ ಸಂಘವಿಲ್ಲದಿರುವುದು ಹಳ್ಳಿಯ ಮೋಹದಿಂದಲ್ಲ. ಮುಂಗಡದ ಸಾಲವು ಅವರನ್ನು ಮುಕಾದಮನಿಗೆ ಕಟ್ಟಿಹಾಕಿದೆ, ಹಂಗಾಮು ಮುಗಿದೊಡನೆ ಟೋಳಿಯು ಚದುರುತ್ತದೆ, ಕೆಲಸ ಕೊಡುವವನು ಬೆಳೆಗಾರನೋ ಕಾರ್ಖಾನೆಯೋ ಮುಕಾದಮನೋ ಎಂಬುದೇ ಅಸ್ಪಷ್ಟವಾಗಿದೆ. ಯಾರೊಡನೆ ಮಾತನಾಡಬೇಕೆಂಬುದೇ ತಿಳಿಯದವನಿಗೆ, ಮಾತನಾಡಲು ಸಂಘ ಬೇಕೆಂದು ತೋರುವುದು ಹೇಗೆ?

೪

ಮೂರನೆಯದು ನಾಯಕನ ವ್ಯಾಖ್ಯಾನ. ಭಾರತದ ಕಾರ್ಮಿಕ ಚಳವಳಿಯು ಆರಂಭದಿಂದಲೂ ಹೊರಗಿನ ನಾಯಕರ ನೆರವಿನಿಂದ ಬೆಳೆಯಿತೆಂಬುದು ಸುವಿದಿತ. ೧೯೧೮ರಲ್ಲಿ ಮದ್ರಾಸು ಲೇಬರ್ ಯೂನಿಯನ್ನನ್ನು ಕಟ್ಟಿದ ಬಿ. ಪಿ. ವಾಡಿಯಾ ಅವರು ಗಿರಣಿಯ ಕೆಲಸಗಾರರಲ್ಲ. ೧೯೨೬ರ ಅಧಿನಿಯಮವು ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಜನ ಹೊರಗಿನವರಾಗಿರಬಹುದೆಂದು ಅವಕಾಶ ಕೊಟ್ಟಿತು; ೨೦೦೧ರ ತಿದ್ದುಪಡಿಯು ಅದನ್ನು ಮೂರನೆಯ ಒಂದು ಭಾಗ ಅಥವಾ ಐದು ಮಂದಿ, ಯಾವುದು ಕಡಿಮೆಯೋ ಅಷ್ಟಕ್ಕೆ ಇಳಿಸಿತು. ಇದನ್ನು ಕಂಡವರು, ಕಾರ್ಮಿಕನು ಸೇರುವುದು ಸಂಘವನ್ನಲ್ಲ, ನಾಯಕನನ್ನು. ನಾಯಕನು ಪಕ್ಷ ಬದಲಿಸಿದರೆ ಕಾರ್ಮಿಕನೂ ಸಂಘವನ್ನು ಬದಲಿಸುತ್ತಾನೆ ಎನ್ನುತ್ತಾರೆ. ಕಾರ್ಮಿಕನನ್ನು ಕುರಿಯ ಹಿಂಡಿನಂತೆ ಭಾವಿಸುವ ಈ ಮಾತು ಕೇಳಲು ಸುಲಭ. ಪರೀಕ್ಷಿಸಿದರೆ ನಿಲ್ಲುವುದು ಕಷ್ಟ.

ಇದರ ಪರೀಕ್ಷೆಗೆ ಮುಂಬಯಿಯ ೧೯೮೨ರ ಮುಷ್ಕರವು ತಕ್ಕ ಉದಾಹರಣೆ. ಬೆಳಗಾವಿಯೂ ೧೯೫೬ರ ನವೆಂಬರ್ ೧ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಜಿಲ್ಲೆಯಾದುದರಿಂದ, ಆ ರಾಜ್ಯದಲ್ಲಿ ೧೯೪೬ರಲ್ಲಿ ಆದ ಔದ್ಯೋಗಿಕ ಸಂಬಂಧಗಳ ಕಾನೂನು ನಮ್ಮ ಇತಿಹಾಸಕ್ಕೆ ಹೊರತಾದದ್ದಲ್ಲ. ಒಂದು ಸ್ಥಳದ ಒಂದು ಉದ್ಯಮದಲ್ಲಿ ಗೊತ್ತಾದ ಪ್ರಮಾಣದ ಸದಸ್ಯರನ್ನು ತೋರಿಸಿದ ಸಂಘಕ್ಕೆ ‘ಪ್ರಾತಿನಿಧಿಕ ಸಂಘ’ ಎಂಬ ಪದವಿಯನ್ನು ಕೊಟ್ಟು, ಕಾರ್ಮಿಕರೆಲ್ಲರ ಪರವಾಗಿ ಮಾತನಾಡುವ ಅಧಿಕಾರವನ್ನು ಅದೊಂದಕ್ಕೇ ಕೊಡುವುದು ಆ ಕಾನೂನಿನ ತಿರುಳು. ಮುಂಬಯಿಯ ಹತ್ತಿಯ ಗಿರಣಿಗಳಲ್ಲಿ ಆ ಪದವಿಯು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಸೇರಿತ್ತು. ೧೯೮೨ರ ಜನವರಿ ೧೮ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಹೊರಬಂದಾಗಲೂ ಸರ್ಕಾರದ ಮತ್ತು ಮಾಲೀಕರ ದೃಷ್ಟಿಯಲ್ಲಿ ಅವರ ಸಂಘವು ಹಳೆಯದೇ. ಬೋನಸ್ಸು ವೇತನಗಳ ಜೊತೆಗೆ ಆ ಕಾನೂನನ್ನೇ ರದ್ದುಪಡಿಸಬೇಕೆಂಬುದೂ ಮುಷ್ಕರದ ಬೇಡಿಕೆಗಳಲ್ಲಿ ಒಂದಾಗಿತ್ತು. ಮುಷ್ಕರವು ಅಧಿಕೃತವಾಗಿ ಎಂದೂ ಮುಕ್ತಾಯವಾಗಲಿಲ್ಲ. ಗಿರಣಿಗಳೇ ಒಂದೊಂದಾಗಿ ಮುಚ್ಚಿದವು.

ನಾಯಕನ ವ್ಯಾಖ್ಯಾನವು ಇಲ್ಲಿ ಕಾಣುವುದು ದತ್ತಾ ಸಾಮಂತರನ್ನು ಮಾತ್ರ. ಆದರೆ ಕಾರ್ಮಿಕರೇ ಅವರ ಬಾಗಿಲಿಗೆ ಹೋಗಿ ಕರೆತಂದರೆಂಬುದನ್ನು ಅದು ಗಮನಿಸುವುದಿಲ್ಲ. ನಾಯಕನು ಜನರನ್ನು ಆರಿಸಿಕೊಂಡದ್ದಲ್ಲ, ಜನರು ನಾಯಕನನ್ನು ಆರಿಸಿಕೊಂಡದ್ದು. ಹಾಗೆ ಆರಿಸಿಕೊಳ್ಳುವ ಮೊದಲೇ ಅವರು ಹಳೆಯ ಸಂಘವನ್ನು ಮನಸ್ಸಿನಲ್ಲಿ ಬಿಟ್ಟಾಗಿತ್ತು. ಆ ಬಿಡುವಿಕೆಯು ಯಾವ ದಫ್ತರದಲ್ಲಿಯೂ ದಾಖಲಾಗಲಿಲ್ಲ. ಕಾನೂನಿನ ಪುಸ್ತಕದಲ್ಲಿ ಸದಸ್ಯರು, ಬೀದಿಯಲ್ಲಿ ವಿರೋಧಿಗಳು—ಈ ವಿಚಿತ್ರವಾದ ಸ್ಥಿತಿಯನ್ನು ನಾಯಕನ ವ್ಯಾಖ್ಯಾನವಾಗಲಿ, ಲಾಭದ ವ್ಯಾಖ್ಯಾನವಾಗಲಿ ವಿವರಿಸಲಾರವು.

೫

ಹಾಗಾದರೆ ವಿವರಿಸಬಲ್ಲದ್ದು ಯಾವುದು? ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞನು ೧೯೭೦ರ ತನ್ನ ಗ್ರಂಥದಲ್ಲಿ, ಸಂಸ್ಥೆಯೊಂದು ಕೆಡುತ್ತ ಹೋದಾಗ ಅದರ ಜನರಿಗೆ ಎರಡು ದಾರಿಗಳಿವೆಯೆಂದು ಹೇಳಿದನು: ಬಿಟ್ಟು ಹೋಗುವುದು ಒಂದು, ಒಳಗಿದ್ದು ಮಾತೆತ್ತುವುದು ಇನ್ನೊಂದು. ಸಂಸ್ಥೆಯ ಮೇಲಣ ನಿಷ್ಠೆಯು ಮೊದಲನೆಯದನ್ನು ತಡೆದು ಎರಡನೆಯದಕ್ಕೆ ಎಡೆಮಾಡಿಕೊಡುತ್ತದೆ. ರಿಚರ್ಡ್ ಫ್ರೀಮನ್ ಮತ್ತು ಜೇಮ್ಸ್ ಮೆಡಾಫ್ ಅವರು ೧೯೮೪ರಲ್ಲಿ ಈ ವಿಚಾರವನ್ನು ಕಾರ್ಮಿಕ ಸಂಘಕ್ಕೆ ಅನ್ವಯಿಸಿ, ಕೆಲಸವನ್ನು ಬಿಟ್ಟುಹೋಗುವುದರ ಬದಲು ಮಾತೆತ್ತುವ ಸಾಧನವೇ ಸಂಘವೆಂದು ನಿರೂಪಿಸಿದರು. ಪ್ರಚಲಿತ ವ್ಯಾಖ್ಯಾನಗಳಲ್ಲಿ ಸತ್ಯಕ್ಕೆ ಹೆಚ್ಚು ಸಮೀಪವಾದದ್ದು ಇದೇ ಎಂದು ನಮಗೆ ತೋರುತ್ತದೆ. ನಿಪ್ಪಾಣಿಯ ಹೆಂಗಸರನ್ನು ಒಟ್ಟುಗೂಡಿಸಿದ್ದು ಕೂಲಿಯ ಲೆಕ್ಕವೊಂದೇ ಅಲ್ಲ. ಧೂಳನ್ನು ಕುರಿತು, ವೇಳೆಯನ್ನು ಕುರಿತು, ಮೇಲ್ವಿಚಾರಕನ ಬಾಯನ್ನು ಕುರಿತು ಒಬ್ಬೊಬ್ಬಳೂ ಮನೆಯಲ್ಲಿ ನುಂಗಿಕೊಳ್ಳುತ್ತಿದ್ದ ಮಾತನ್ನು ನಾಲ್ಕು ಜನರ ಎದುರಿಗೆ ಆಡಲು ಅಲ್ಲಿ ಎಡೆ ದೊರೆಯಿತು. ಸಂಘವು ಅವರಿಗೆ ಮೊದಲು ಕೊಟ್ಟದ್ದು ಮಾತು. ಕೂಲಿಯ ಏರಿಕೆ ಬಂದದ್ದು ಅದರ ಬೆನ್ನಿಗೆ.

ಆದರೆ ಹರ್ಷ್‌ಮನ್ನನ ವಿಚಾರಕ್ಕೂ ನಮ್ಮಲ್ಲಿ ಒಂದು ತಿದ್ದುಪಡಿ ಅವಶ್ಯ. ಅವನ ದೃಷ್ಟಿಯಲ್ಲಿ ಬಿಟ್ಟುಹೋದವನು ಹೊರಗೆ ಕಾಣುತ್ತಾನೆ. ಸಂಘವನ್ನು ಬಿಟ್ಟ ಕಾರ್ಮಿಕನಾದರೋ ಅದೇ ಸೂರಿನ ಕೆಳಗೆ, ಅದೇ ಯಂತ್ರದ ಮುಂದೆ ಇರುತ್ತಾನೆ. ಅನೇಕ ವೇಳೆ ಅವನ ಹೆಸರೂ ಸಂಘದ ಪುಸ್ತಕದಲ್ಲಿಯೇ ಇರುತ್ತದೆ. ಬಿಟ್ಟನೆಂಬುದಕ್ಕೆ ಗುರುತು ಅವನ ಮಾತಿನಲ್ಲಿದೆ. ‘ನಮ್ಮ ಯೂನಿಯನ್ನು’ ಎನ್ನುತ್ತಿದ್ದವನು ‘ಯೂನಿಯನ್ನಿನವರು’ ಎನ್ನತೊಡಗುತ್ತಾನೆ. ಆಡುಮಾತಿನ ಈ ಸಣ್ಣ ಬದಲಾವಣೆಯನ್ನು ಸಂಶೋಧಕರು ಲಕ್ಷಿಸುವುದು ಅಪರೂಪ. ನಾವಾದರೋ ಸದಸ್ಯರ ಪಟ್ಟಿಗಿಂತ ಇದನ್ನೇ ಹೆಚ್ಚು ನಂಬತಕ್ಕ ಸಾಕ್ಷ್ಯವೆಂದು ಎಣಿಸುತ್ತೇವೆ.

ಈ ಬದಲಾವಣೆ ಹೇಗಾಗುತ್ತದೆಂಬುದಕ್ಕೆ ಚಂದಾ ವಸೂಲಿಯ ರೀತಿಯೊಂದನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಿಂದೆ ಸಂಘದ ಕಾರ್ಯಕರ್ತನು ಪಗಾರದ ದಿನ ಬಾಗಿಲಿನಲ್ಲಿ ನಿಂತು, ಇಲ್ಲವೆ ಪಾಳಿಯ ನಡುವೆ ಯಂತ್ರದ ಬಳಿಗೆ ಬಂದು, ಕೈಯಾರೆ ಚಂದಾವನ್ನು ಪಡೆಯುತ್ತಿದ್ದನು. ಕೊಡುವವನು ಬರಿಗೈಯಲ್ಲಿ ಕೊಡುತ್ತಿರಲಿಲ್ಲ. ಹತ್ತು ದೂರುಗಳೊಡನೆ ಕೊಡುತ್ತಿದ್ದನು. ಹೋದ ತಿಂಗಳ ಮಾತು ಏನಾಯಿತೆಂದು ಕೇಳುತ್ತಿದ್ದನು; ಸಿಟ್ಟು ಬಂದರೆ ಕೊಡುವುದಿಲ್ಲವೆನ್ನುತ್ತಿದ್ದನು. ಸಂಘವು ಪ್ರತಿ ತಿಂಗಳೂ ಒಬ್ಬೊಬ್ಬ ಸದಸ್ಯನ ಎದುರಿಗೆ ನಿಂತು ಉತ್ತರ ಹೇಳಬೇಕಾಗಿತ್ತು. ಬಳಿಕ ವೇತನದಿಂದಲೇ ಚಂದಾವನ್ನು ಮುರಿದುಕೊಂಡು ಸಂಘದ ಖಾತೆಗೆ ಕಳಿಸುವ ಪದ್ಧತಿಯು ಅನೇಕ ಕಡೆ ಬಂದಿತು. ವಸೂಲಿಯ ಶ್ರಮವು ತಪ್ಪಿತು, ಬಾಕಿಯು ನಿಂತಿತು, ಸಂಘದ ಆದಾಯವು ಸ್ಥಿರವಾಯಿತು; ಇವು ಸಣ್ಣ ಲಾಭಗಳಲ್ಲ. ಆದರೆ ತಿಂಗಳಿಗೊಮ್ಮೆ ಸಂಘದ ಕಿವಿಯು ಕಾರ್ಮಿಕನ ಬಾಯಿಯ ಬಳಿಗೆ ಬರುತ್ತಿದ್ದ ಸಂದರ್ಭವೂ ಅದರೊಡನೆ ಹೋಯಿತು. ಅಂದಿನಿಂದ ಅವನು ಬಿಟ್ಟರೂ ಪಟ್ಟಿಯಲ್ಲಿ ಉಳಿಯುವನು. ಉಳಿದರೂ ಅದು ಅವನ ಕ್ರಿಯೆಯಲ್ಲ. ಕೊಯಮತ್ತೂರಿನ ಗಿರಣಿ ಕಾರ್ಮಿಕರನ್ನೂ ಅವರ ಸಂಘವನ್ನೂ ಹತ್ತಿರದಿಂದ ಕಂಡು ಇ. ಎ. ರಾಮಸ್ವಾಮಿಯವರು ೧೯೭೭ರಲ್ಲಿ ಬರೆದ ಗ್ರಂಥದ ಬೆಲೆಯು ಇಲ್ಲಿಯೇ ಇದೆ. ಸದಸ್ಯರ ಸಂಖ್ಯೆಗೆ ತೃಪ್ತರಾಗದೆ, ಕಾರ್ಮಿಕನಿಗೂ ಸಂಘಕ್ಕೂ ನಡುವೆ ದಿನದಿನವೂ ನಡೆಯುವುದೇನೆಂಬುದನ್ನು ಅವರು ವಿಚಾರಿಸಿದರು.

ಬಿಟ್ಟರೂ ಪಟ್ಟಿಯಲ್ಲಿರುವವರು ಒಂದು ಕಡೆಗಾದರೆ, ಪಟ್ಟಿಯಲ್ಲಿಲ್ಲದೆ ಕೂಡಿದವರು ಇನ್ನೊಂದು ಕಡೆಗೆ ಇದ್ದಾರೆ. ಕೋಲಾರದ ಚಿನ್ನದ ಗಣಿಗಳಲ್ಲಿ ೧೯೩೦ರಲ್ಲಿ ಕಾರ್ಮಿಕರ ಬೆರಳಚ್ಚನ್ನು ಪಡೆಯುವ ಕ್ರಮವು ಬಂದಾಗ, ನೆಲೆಗೊಂಡ ಸಂಘವೊಂದಿಲ್ಲದೆ ಇದ್ದರೂ ಗಣಿಯ ಜನ ಕೆಲಸವನ್ನು ನಿಲ್ಲಿಸಿದರು. ೨೦೧೬ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವ ನಿಯಮವು ಬದಲಾದಾಗ, ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಂಗಸರು ಯಾವ ಸಂಘದ ಕರೆಯನ್ನೂ ಕಾಯದೆ ಎರಡು ದಿನ ರಸ್ತೆಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಅವರಲ್ಲಿ ಬಹುಪಾಲು ಜನ ಯಾವ ಸಂಘದ ಸದಸ್ಯರೂ ಅಲ್ಲ. ಈ ಎರಡು ಸಂದರ್ಭಗಳ ನಡುವೆ ೮೬ ವರ್ಷಗಳ ಅಂತರವಿದೆ. ಕೂಡುವ ಶಕ್ತಿಯೂ ಸದಸ್ಯತ್ವವೂ ಒಂದೇ ಅಲ್ಲವೆಂಬ ಪಾಠವು ಮಾತ್ರ ಎರಡರಲ್ಲಿಯೂ ಒಂದೇ. ಎರಡು ದಿನದ ಮಾತನ್ನು ಹತ್ತು ವರ್ಷ ಕಾಯ್ದುಕೊಳ್ಳಲು ಸಂಘ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವೆಬ್ ದಂಪತಿಗಳು ಸ್ಥಿರತೆಯನ್ನು ಸಂಘದ ಲಕ್ಷಣವೆಂದು ಹೇಳಿದ್ದು ಅರ್ಥವತ್ತಾಗಿಯೇ ಇದೆ. ಆದರೆ ಆ ಹೆಂಗಸರು ಸಂಘವನ್ನು ಸೇರಿಲ್ಲವೆಂಬುದರಿಂದ ಅವರಿಗೆ ಸಂಘಟನೆಯ ಇಚ್ಛೆಯಿಲ್ಲವೆಂದು ಊಹಿಸುವ ಸಂಶೋಧಕನು ಬಾಗಿಲು ಮುಚ್ಚಿರುವುದನ್ನು ನೋಡದೆ ಒಳಗೆ ಬಾರದವನನ್ನು ದೂರಿದಂತಾಗುತ್ತದೆ.

ಇನ್ನು, ಬಿಟ್ಟವರೆಂದು ಅಂಕಿ ಅಂಶಗಳಲ್ಲಿ ಎಣಿಕೆಯಾಗುವವರಲ್ಲಿ ಒಂದು ದೊಡ್ಡ ಪಾಲು ಏನನ್ನೂ ಬಿಟ್ಟವರಲ್ಲ. ಕಾಯಂ ನೌಕರನು ನಿವೃತ್ತನಾದಾಗ ಅವನ ಸ್ಥಳಕ್ಕೆ ಗುತ್ತಿಗೆಯವನು ಬರುತ್ತಾನೆ. ಕಾಯಂ ನೌಕರರ ಸಂಘವು ಅವನನ್ನು ತನ್ನವನೆಂದು ಎಣಿಸುವುದು ಅಪೂರ್ವ. ಗುತ್ತಿಗೆ ಕಾರ್ಮಿಕ ಪದ್ಧತಿಯ ನಿಯಂತ್ರಣಕ್ಕಾಗಿ ೧೯೭೦ರಲ್ಲಿ ಕಾನೂನಾದರೂ ಆ ಪದ್ಧತಿಯು ಬೆಳೆಯುತ್ತಲೇ ಬಂದಿತು. ಸದಸ್ಯರ ಸಂಖ್ಯೆಯು ಕುಗ್ಗಿತೆಂದು ಪ್ರಬಂಧವನ್ನು ಬರೆಯುವವರು ‘ಕಾರ್ಮಿಕರು ಸಂಘವನ್ನು ತ್ಯಜಿಸುತ್ತಿದ್ದಾರೆ’ ಎಂದು ಬರೆಯುತ್ತಾರೆ. ತ್ಯಜಿಸಿದವರು ಯಾರೆಂದು ವಿಚಾರಿಸಿದರೆ, ಕಾರ್ಮಿಕನು ಸಂಘವನ್ನೋ ಸಂಘವು ಕಾರ್ಮಿಕನನ್ನೋ ಎಂಬ ಸಂಶಯವು ಹುಟ್ಟುತ್ತದೆ.

೬

ಇದು ಶಾಸ್ತ್ರದ ಸೂಕ್ಷ್ಮ ಚರ್ಚೆ ಮಾತ್ರವಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸಂಬಂಧಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದು, ೧೯೨೬ರ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಅದರ ಮೇರೆಗೆ, ಒಂದು ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇಕಡಾ ೫೧ರಷ್ಟು ಜನರ ಬೆಂಬಲವನ್ನು ಪಡೆದ ಸಂಘವೊಂದೇ ಮಾಲೀಕರೊಡನೆ ಮಾತುಕತೆ ನಡೆಸುವ ಸಂಘವಾಗುತ್ತದೆ. ಅಷ್ಟು ಬೆಂಬಲ ಯಾರಿಗೂ ಇಲ್ಲದಿದ್ದರೆ ಶೇಕಡಾ ೨೦ಕ್ಕೆ ಕಡಿಮೆಯಿಲ್ಲದ ಸಂಘಗಳು ಸೇರಿ ಮಂಡಳಿಯಾಗುತ್ತದೆ. ಯಾರೊಡನೆ ಮಾತನಾಡಬೇಕೆಂಬುದು ನಿಶ್ಚಿತವಾಗುವುದು ಒಳ್ಳೆಯದೇ. ಆದರೆ ಎಣಿಕೆಯು ಹಾಜರಿ ಪಟ್ಟಿಯಿಂದ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ನಾವು ಆರಂಭದಲ್ಲಿ ಹೇಳಿದ ನಾಲ್ವರು ದುಡಿಮೆಗಾರರಲ್ಲಿ ಕಬ್ಬು ಕಡಿಯುವವನೂ ಆಲೆಮನೆಯವನೂ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಗುತ್ತಿಗೆಯವನ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿದೆ. ಮುಂಬಯಿಯ ಹಳೆಯ ಕಾನೂನು ಒಮ್ಮೆ ಪಡೆದ ಸದಸ್ಯತ್ವವನ್ನು ಮನಸ್ಸಿನ ಒಪ್ಪಿಗೆಯೆಂದು ತಿಳಿದು ೧೯೮೨ರಲ್ಲಿ ಎಡವಿತು. ಹೊಸ ಸಂಹಿತೆಯು ಅದೇ ಕಲ್ಲನ್ನು ಎಡವದಿರಬೇಕಾದರೆ ಪಟ್ಟಿಯ ಎಣಿಕೆಗೂ ಕಾರ್ಮಿಕನ ಒಪ್ಪಿಗೆಗೂ ಇರುವ ಅಂತರವನ್ನು ಅಳೆಯುವವರು ಬೇಕು. ಆ ಕೆಲಸವು ನಮ್ಮಂತಹ ಅಧ್ಯಯನ ವಿಭಾಗಗಳದು.

ಆದುದರಿಂದ ನಮ್ಮ ಪ್ರಶ್ನಾವಳಿಗಳನ್ನು ತಿದ್ದಿಕೊಳ್ಳಬೇಕಾಗಿದೆ. ‘ನೀವು ಸಂಘವನ್ನು ಏಕೆ ಸೇರಿದಿರಿ?’ ಎಂದು ಕೇಳಿದರೆ ಕಾರ್ಮಿಕನು ಕೇಳುವವನ ಮುಖವನ್ನು ನೋಡಿ, ಶಿಷ್ಟಾಚಾರಕ್ಕೆ ಒಪ್ಪುವ ಒಂದು ಉತ್ತರವನ್ನು ಕೊಡುತ್ತಾನೆ; ಅದು ಕಾರಣವಲ್ಲ, ಕಾರಣದ ಉಡುಪು. ಅದರ ಬದಲು ನಡೆದದ್ದನ್ನು ಕೇಳಬೇಕು. ನಿಮ್ಮನ್ನು ಮೊದಲ ಸಭೆಗೆ ಕರೆದೊಯ್ದವರು ಯಾರು, ಅವರು ನಿಮಗೆ ಏನಾಗಬೇಕು? ಈ ಕೆಲಸವನ್ನು ಕೊಡಿಸಿದವರು ಯಾರು? ಕಳೆದ ಒಂದು ವರ್ಷದಲ್ಲಿ ಸಭೆಯಲ್ಲಿ ನೀವು ಎದ್ದು ಮಾತನಾಡಿದ್ದುಂಟೇ, ಆ ಮಾತು ಏನಾಯಿತು? ಚಂದಾವನ್ನು ನಿಮ್ಮ ಕೈಯಿಂದ ಕೊಡುತ್ತೀರೋ, ಪಗಾರದಲ್ಲಿ ಮುರಿಯುತ್ತಾರೋ? ಈ ಬಗೆಯ ಪ್ರಶ್ನೆಗಳಿಗೆ ಬರುವ ಉತ್ತರಗಳು ಸಣ್ಣವು. ಆದರೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದಾಗ ಸೇರುವುದೂ ಬಿಡುವುದೂ ಒಂದು ದಿನದ ನಿರ್ಧಾರಗಳಲ್ಲ, ಬಹುದಿನಗಳ ಮಾತು ಮೌನಗಳ ಫಲವೆಂಬುದು ಸ್ಪಷ್ಟವಾಗುವುದು. ಸದಸ್ಯರನ್ನಷ್ಟೇ ಅಲ್ಲದೆ ಬಿಟ್ಟವರನ್ನೂ, ಸೇರಲು ಬಾಗಿಲೇ ಇಲ್ಲದವರನ್ನೂ ಅದೇ ಶ್ರದ್ಧೆಯಿಂದ ವಿಚಾರಿಸಬೇಕು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವನ್ನು ಹೀಗೆ ಹೇಳಬಹುದು. ಲಾಭ, ಹಳ್ಳಿ, ನಾಯಕ—ಈ ಮೂರೂ ಸಂಘದ ಬಾಳಿನಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅವು ಸೇರುವವನ ಕೈಗೂ ಬಿಡುವವನ ಕೈಗೂ ಸಮಾನವಾಗಿ ಸಿಗುವ ಸಾಮಗ್ರಿಗಳು. ತನ್ನ ಮಾತು ಅಲ್ಲಿ ನಡೆಯುವುದೆಂಬ ನಂಬಿಕೆ ಇರುವವರೆಗೆ ಕಾರ್ಮಿಕನು ನಷ್ಟವನ್ನೂ ಸಹಿಸಿ ಸಂಘದಲ್ಲಿರುತ್ತಾನೆ. ಆ ನಂಬಿಕೆ ಹೋದ ಮೇಲೆ ಲಾಭವಿದ್ದರೂ ಬಿಡುತ್ತಾನೆ, ಬಿಟ್ಟನೆಂದು ಯಾರಿಗೂ ಹೇಳದೆ ಬಿಡುತ್ತಾನೆ. ಆಲೆಮನೆಯಲ್ಲಿ ಪಾಕದ ಹದವನ್ನು ನೋಡುವವನು ಕೊಪ್ಪರಿಗೆಯ ಹೊರಗಣ ಮೈಯನ್ನು ಮುಟ್ಟಿ ತೀರ್ಮಾನಿಸುವುದಿಲ್ಲ. ಒಳಗಿನ ರಸವನ್ನು ಎತ್ತಿ, ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಹಿಡಿದು ನೋಡುತ್ತಾನೆ. ಬೆಲ್ಲದ ಬಾಗೇವಾಡಿಯ ಈ ಹಳೆಯ ವಿದ್ಯೆಯಿಂದ ಕಾರ್ಮಿಕ ಸಂಘಗಳನ್ನು ಅಭ್ಯಸಿಸುವ ನಾವೂ ಕಲಿಯತಕ್ಕದ್ದಿದೆ.